ಕೇಳಿಸದ ಎಸ್

ಮಂಡಕ್ಕಿ ಭಟ್ಟಿಗಳ ಹಿಂದಿನ ರಸ್ತೆ,
ಟೇಲರ್ ಅಂಗಡಿಯ ಮೇಲಿನ ಕೋಣೆ,
ಸಂಜೆ ಐದೂವರೆಗೆ ನನ್ನ ಫ್ರೆಂಚ್.
ಏಳು ಮಕ್ಕಳು, ಆರು ಕುರ್ಚಿ,
ಕಿಟಕಿ ತೆರೆದರೆ ಹೊಟ್ಟು ಉರಿದ ಹೊಗೆ.

'ಜ ವಿಯಾಂದ್ರೆ' ಅಂದೆ. ನಾನು ಬರುವೆ.
'ಅಂದ್ರೆ?' ಅಂದ ಕಿಟಕಿ ಕಟ್ಟೆಯ ಮೇಲಿನ ಕೊಟ್ರೇಶ.
ಎಲ್ಲ ನಕ್ಕರು. ನಾನೂ.
ಅವನದೇನು ತಪ್ಪು?
ಆ ದೇಶದಲ್ಲಿ ಮಾತಿನ ಕೊನೆಗೆ 'ರೆ' ಬಂತೋ, ಖಂಡಿತ.
ದಾವಣಗೆರೆಯಲ್ಲಿ ಅದೇ 'ರೆ' ಅನುಮಾನ.
ಬಂದರೆ. ಸಿಕ್ಕರೆ. ಕರೆಂಟ್ ಇದ್ದರೆ.

ಅದೇ ಮಾತಿನ ಬಾಲಕ್ಕೆ ಒಂದು ಎಸ್ ಹಚ್ಚಿದೆ.
ಈಗ ಅರ್ಥ: ಬರುತ್ತಿದ್ದೆ, ಏನೋ ಒಂದು ಆಗಿದ್ದರೆ.
ಎಸ್ ಬರೆಯಬೇಕು, ಅನ್ನಬಾರದು.
ಪ್ಯಾರಿಸ್ಸಿನ ಹಳಬರು ಅಲ್ಲಿ ಬಾಯಿ ಚೂರು ಅಗಲಿಸುತ್ತಾರಂತೆ,
ನನ್ನ ಕಿವಿಗೆ ಎರಡೂ ಒಂದೇ.

ಇನ್ನೊಂದು ನಿಯಮ. 'ಸಿ' ಎಂಬ ಅವರ 'ಒಂದು ವೇಳೆ'ಯ ಪಕ್ಕ
ಭವಿಷ್ಯ ಕೂರುವಂತಿಲ್ಲ.
ಬರುತ್ತಿದ್ದೆ ಅನ್ನಬೇಕಾದರೆ ಅಲ್ಲಿ ಭೂತವೇ ಕೂರಬೇಕು.
ಹದಿನಾರು ವರ್ಷದಿಂದ ಇದನ್ನು ವಿಚಿತ್ರ ಅಂತಲೇ ಹೇಳಿಕೊಟ್ಟೆ.
ನಮ್ಮ 'ಬಂದರೆ'ಯ ಹೊಟ್ಟೆಯಲ್ಲೂ ಒಬ್ಬ 'ಬಂದ' ಇರುವುದು
ಇವತ್ತು, ಚಾಕ್‌ಪೀಸ್ ಮುರಿದಾಗ, ಕಂಡಿತು.
ಬಾರದವರೆಲ್ಲ ವ್ಯಾಕರಣದೊಳಗೆ ಒಮ್ಮೆ ಬಂದು ಹೋಗಿದ್ದಾರೆ.

ಉಕ್ತಲೇಖನ ಕೊಟ್ಟೆ.
ನಾಳೆ ಬರುವೆ.
ಭಾನುವಾರ ಹೊಸ ಚಪ್ಪಲಿ ಕೊಳ್ಳುವೆ.
ಮುಂದಿನ ವರ್ಷ ಪಿಯುಸಿ ಓದುವೆ.
ರುಖಿಯಾ ಮೂರಕ್ಕೂ ಎಸ್ ಹಚ್ಚಿದ್ದಳು.
'ಯಾಕವ್ವಾ, ಇಲ್ಲಿ ಯಾವ 'ರೆ' ಕಂಡೆ?'

'ಅದು ನಮ್ಮಬ್ಬಾನ ಇನ್ಷಾ ಅಲ್ಲಾ, ಮಿಸ್.
ನಾಳೆ ಅಂದಕೂಡ್ಲೆ ಹಿಂದೇನೇ ಬರತೈತಿ.
ಭಟ್ಟಿ ಸದ್ದಿನಾಗೆ ಕೇಳಂಗಿಲ್ಲ,
ತುಟಿ ಅಷ್ಟೇ ಆಡತೈತಿ.'

ಕೆಂಪು ಪೆನ್ನು ಹಿಡಿದು ಕೂತೆ.
ಚೀಟಿ ದುಡ್ಡು ಎಣಿಸಿ ಗಂಟು ಹಾಕುವಾಗ
'ಅವನು ನಡೆಸಿದಂಗೆ' ಅನ್ನುತ್ತಿದ್ದ ನಮ್ಮಮ್ಮ
ಯಾಕೋ ಎದುರಿಗೆ ಬಂದಳು.
ಆದರೂ ತಪ್ಪು ತಪ್ಪೇ. ಮೂರು ಅಂಕ ಕಳೆದೆ.
ಪೇಪರ್ ತಿದ್ದುವವರಿಗೆ ಅವರಪ್ಪನ ತುಟಿ ಕಾಣುವುದಿಲ್ಲ.

ಏಳಕ್ಕೆ ಕರೆಂಟ್ ಹೋಯಿತು.
'ಹೋಗಿ ಬರ್ತೀವಿ ಮಿಸ್' ಎಂದು
ಒಂದೇ ಮೊಬೈಲ್ ಬೆಳಕಿನಲ್ಲಿ ಎಲ್ಲ ಇಳಿದರು,
ಕಬ್ಬಿಣದ ಮೆಟ್ಟಿಲು, ಒಂದು ಕಡೆ ಹಿಡಿಕೆಯಿಲ್ಲ.
'ನಿಧಾನ ರುಖಿಯಾ, ಬಿದ್ದೀಯ!'
ಕೂಗಿದೆ.

ಬಿದ್ದೀಯ.
ಬೀಳುವೆ ಅಲ್ಲ. ಬಿದ್ದರೆ ಅಲ್ಲ.
ಬೋರ್ಡಿನ ಮೇಲೆ ನಾನು ಗೆರೆ ಹೊಡೆದ
ಯಾವ ಮನೆಯಲ್ಲೂ ಕೂರದ ಕ್ರಿಯಾಪದ,
ಕತ್ತಲಿಗೆ ಚಾಚಿದ ಕೈ.
ಫ್ರೆಂಚಿನಲ್ಲಿ ಇದಕ್ಕೆ ಏನನ್ನಬಹುದು
ಎಂದು ಡಸ್ಟರ್ ಹಿಡಿದೇ ನಿಂತಿದ್ದೆ.

ಕೆಳಗಿಂದ ಅವಳ ದನಿ:
'ಬೀಳಂಗಿಲ್ಲ ಮಿಸ್!'

ಆಮೇಲೆ ಇನ್ನೇನೋ ಅಂದಳು,
ಭಟ್ಟಿಯ ಸದ್ದು, ಕೇಳಿಸಲಿಲ್ಲ.