ಅಳತೆ ಪುಸ್ತಕ

ದುರ್ಗಿಗುಡಿಯ ಮೂರನೇ ತಿರುವಿನಲ್ಲಿ
ಜೆರಾಕ್ಸ್ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ಆರಡಿಗೆ ಎಂಟಡಿ. ಒಂದು ಮಿಷನ್ನು, ಒಂದು ಸ್ಟೂಲು,
ಅಳತೆ ಕೊಡುವವರಿಗೆ ಒಂದು ಪರದೆ.

ಪುಸ್ತಕದ ರಟ್ಟಿನ ಮೇಲೆ ಹೆಸರಿಗೆ ಗೆರೆ ಇದೆ, ಬರೆದಿಲ್ಲ.
ಒಳಗೆ ಎಲ್ಲರೂ ಇದ್ದಾರೆ.
ಕೆಇಬಿ ಪ್ರಮೀಳಮ್ಮ, ಎದೆ ಮೂವತ್ತೆಂಟು, ತೋಳು ಒಂಬತ್ತೂವರೆ;
ಹಳದಿ ಗೇಟಿನ ಮನೆ ಸೊಸೆ, ಬೆನ್ನು ಆಳ, ಅತ್ತೆಗೆ ಹೇಳಬಾರದು;
ಸಂಸ್ಕೃತ ಮಿಸ್ಸು, ಎಡ ಭುಜ ಅರ್ಧ ಇಂಚು ಕೆಳಗೆ.
ಆ ಅರ್ಧ ಇಂಚು ಅವರ ಯಜಮಾನರಿಗೂ ಗೊತ್ತಿರಲಾರದು.

ನನ್ನ ಹೆಸರು ಫಸೀಹಾ.
ಬಾಯಿಂದ ಬಾಯಿಗೆ ಹೋಗುತ್ತ ಪಸಿಯಾ ಆಗಿ, ಪಸಿಯಮ್ಮ ಆಗಿ,
ಒಬ್ಬರಿಗೆ ಪದ್ಮಾ ಕೂಡ ಆಗಿದ್ದೆ. ತಿದ್ದಲಿಲ್ಲ,
ಗೌರಿ ಹಬ್ಬ ನಾಳೆಗಿತ್ತು, ನಲವತ್ತು ರವಿಕೆಗೆ ಹುಕ್ಕು ಬಾಕಿ.
ಅರ್ಥ ಕೇಳಿದವರು ಸಂಸ್ಕೃತ ಮಿಸ್ಸು ಒಬ್ಬರೇ.
'ಚೆನ್ನಾಗಿ ಮಾತಾಡುವವಳು' ಅಂದೆ.
'ಹೌದಲ್ಲ! ಕನ್ನಡ ಎಷ್ಟು ಚೆಂದ ಆಡ್ತೀರಿ, ಎಲ್ಲಿ ಕಲಿತಿರಿ?'
ತುಟಿ ನಡುವೆ ಗುಂಡುಪಿನ್ನು ಕಚ್ಚಿಕೊಂಡಿದ್ದೆ,
ಇಲ್ಲದಿದ್ದರೆ ಹೇಳಿಬಿಡುತ್ತಿದ್ದೆ:
ಇಲ್ಲೇ, ಮೆಗ್ಗಾನ್ ಆಸ್ಪತ್ರೆಯಲ್ಲಿ ಹುಟ್ಟಿ.

ರೋಜಾ ಬಂತೆಂದರೆ 'ನೀರೂ ಇಲ್ವಾ? ಉಗುಳೂ ನುಂಗಬಾರದಾ?'
ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಕಕ್ಕುಲಾತಿ.
ಆ ತಿಂಗಳು ದಾರದ ತುದಿಯನ್ನು ತುಟಿಗೆ ತಾಗಿಸುವುದಿಲ್ಲ,
ಸಂಜೆ ನಾಲ್ಕಕ್ಕೆ ಸೂಜಿಯ ಕಣ್ಣು ಎರಡಾಗಿ ಕಾಣುತ್ತದೆ.
ಅದನ್ನು ಯಾರೂ ಕೇಳಿಲ್ಲ.

ಒಂದು ದಿನ ನನ್ನ ಫೋನು ಬಟ್ಟೆ ರಾಶಿಯಲ್ಲಿ ಕಳೆದಿತ್ತು.
'ಒಂದು ರಿಂಗ್ ಕೊಡಿ' ಎಂದೆ ಪ್ರಮೀಳಮ್ಮನಿಗೆ.
ಅವರ ಅಂಗೈಯಲ್ಲಿ ಹೊಳೆಯಿತು: ಟೈಲರ್ ಸಾಬ್ರಾಕೆ.
ಲಂಗದ ಬಟ್ಟೆಗಳ ಕೆಳಗೆ ನನ್ನದೂ ಬೆಳಗಿತು: ಕೆಇಬಿ. ಅಷ್ಟೇ.
ಲೆಕ್ಕ ಸರಿಹೋಯಿತು ಅಂದುಕೊಂಡೆ.
ಆದರೂ ಆ ದಿನ ಹಾಕಿದ ಕಾಜಾ ಎಲ್ಲ ಓರೆ.

ಆಮೇಲೆ ಆ ನಾಲ್ಕು ದಿನ.
ಶಟರ್ ಎಳೆದು ಚಾನಲ್ ಏರಿಯ ಮೇಲೆ ಮನೆಗೆ ನಡೆದೆ,
ಅರ್ಧ ಹೊಲಿದ ಮದುವೆ ರವಿಕೆಗಳನ್ನು ಚೀಲಕ್ಕೆ ತುಂಬಿಕೊಂಡು.
ಮುಹೂರ್ತ ನಿಲ್ಲುವುದಿಲ್ಲವಲ್ಲ.
ಪೊಲೀಸಿನ ಹುಡುಗ ಚೀಲ ಬಿಚ್ಚಿಸಿದ. ರೇಷ್ಮೆ, ಜರಿ, ಒಂದು ಡಬ್ಬಿ ಹುಕ್ಕು.
'ಯಾರದಿದು?'
'ಮದುಮಗಳದು ಸಾರ್. ಸಿಂಚನಾ ಅಂತ. ಭಾನುವಾರ ಧಾರೆ.'
ಅವನೇ ಮಡಚಲು ಹೋಗಿ, ಮಡಚಲು ಬಾರದೆ, ಹಾಗೇ ಕೊಟ್ಟ.

ಅಂಗಡಿ ಮತ್ತೆ ತೆರೆದಾಗ ಪ್ರಮೀಳಮ್ಮ ಬರಲಿಲ್ಲ.
ಎದುರಿನ ಫುಟ್‌ಪಾತಿನಲ್ಲಿ ಹೋಗುವಾಗ
ಕೊಡೆಯನ್ನು ನನ್ನ ಕಡೆಗೆ ಓರೆ ಹಿಡಿಯುತ್ತಿದ್ದರು.
ಬಿಸಿಲು ಆ ಕಡೆಗಿತ್ತು.

ಐದು ತಿಂಗಳಾದ ಮೇಲೆ ನಿನ್ನೆ ಬಂದರು.
ಕವರಿನಿಂದ ಬೇರೆ ಕೈ ಹೊಲಿದ ರವಿಕೆ ತೆಗೆದು
'ಕಂಕುಳಲ್ಲಿ ಹಿಡಿಯುತ್ತೆ' ಅಂದರು.
ಯಾರ ಹತ್ತಿರ ಹೊಲಿಸಿದಿರಿ ಎಂದು ನಾನು ಕೇಳಲಿಲ್ಲ.
ತಿರುವಿ ನೋಡಿದೆ. ಹಳೆ ರವಿಕೆ ಇಟ್ಟು ಕತ್ತರಿಸಿದ್ದಾರೆ,
ಎದೆ ಸಡಿಲ, ಕಂಕುಳು ಬಿಗಿ,
ಬಿಚ್ಚಿ ಸರಿಮಾಡಲು ಒಳಗೆ ಒಂದು ಬೆರಳು ಬಟ್ಟೆಯೂ ಬಿಟ್ಟಿಲ್ಲ.

'ಅಳತೆ ನಿಮ್ಮ ಪುಸ್ತಕದಲ್ಲಿ ಇದೆಯಲ್ಲ?'
'ಇದೆ. ಆದರೂ ನೋಡೇ ಬಿಡೋಣ.'
ಟೇಪು ಬೆನ್ನು ಬಳಸಿ ತಂದೆ. ಉಸಿರು ಬಿಗಿಹಿಡಿದು ನಿಂತಿದ್ದರು.
'ಉಸಿರು ಬಿಡಿ, ಇಲ್ಲಾಂದ್ರೆ ತಪ್ಪು ಬರುತ್ತೆ.'
ಬಿಟ್ಟರು.
ಮೂವತ್ತಾರು.
'ಶುಗರ್' ಅಂದರು, ಪರದೆಯ ಕಡೆ ಮುಖ ಮಾಡಿ.
ಹಳೆಯದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆದೆ.

'ಯಾವತ್ತು ಬರಲಿ?'
'ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತೆ...'
'ಗೊತ್ತಲ್ಲ ನನಗೆ.'
ಮೊದಲಿನ ಧ್ವನಿಯೋ, ಈಚಿನದೋ, ತಿಳಿಯಲಿಲ್ಲ;
ಜೆರಾಕ್ಸ್ ಮಿಷನ್ನು ಜೋರಾಗಿ ಓಡುತ್ತಿತ್ತು.

ಚೀಟಿಗೆ ಬರೆದು ಬಟ್ಟೆಗೆ ಚುಚ್ಚಿದೆ:
ಶನಿವಾರ. ಪ್ರಮೀಳಮ್ಮ.
ಒಳಗೆ ಎರಡು ಬೆರಳು ಬಿಡಬೇಕು.