ಮೂರು ಎಂಎಂ

ಕಸಬಾ ಬೆಂಗ್ರೆಯ ದೋಣಿ ಕಟ್ಟುವ ಶೆಡ್ಡಿನಲ್ಲಿ
ಇದಿನಬ್ಬ ಮೇಸ್ತ್ರಿ ನನಗೆ ಮೊದಲು ಕಲಿಸಿದ್ದು
ಬೆಸುಗೆಯಲ್ಲ, ಮುಖ ತಿರುಗಿಸುವುದು.
'ಕಿಡಿ ಚರ್ಮ ಸುಟ್ಟೀತು, ಅಷ್ಟೆ.
ಕಣ್ಣು ಸುಡುವಂಥದ್ದಕ್ಕೆ ಬಣ್ಣವೇ ಇಲ್ಲ ಮಾರಾಯ.'

ಕೇಳಲಿಲ್ಲ. ಹದಿನೇಳು ವರ್ಷ.
ಆ ರಾತ್ರಿ ರೆಪ್ಪೆಯೊಳಗೆ ಹೊಯಿಗೆ,
ಹೊಯಿಗೆಯ ಮೇಲೆ ಯಾರೋ ನಡೆದಾಡಿದ ಹಾಗೆ.
ಉಮ್ಮ ಬಟಾಟೆ ಹೆಚ್ಚಿ ಕಣ್ಣ ಮೇಲಿಟ್ಟು
ಬೆಳಗಿನವರೆಗೆ ಅಳಿವೆಯ ಅಬ್ಬರ ಕೇಳುತ್ತ ಕೂತಳು.

ಇದು ಹಳೆಯ ಕತೆ. ಮೊನ್ನೆ
ಪಣಂಬೂರಿನ ಹವಾಮಾನ ಕಚೇರಿಯ ಫ್ಲೇವಿಯಾ ಮೇಡಂ
ಗಾಲಿ ಮುರಿದ ಸಿಲಿಂಡರ್ ಗಾಡಿಯನ್ನು
ತಣ್ಣೀರುಬಾವಿ ದಾರಿಯಾಗಿ ಟೆಂಪೋದಲ್ಲಿ ತಂದರು.
ಬಲೂನಿಗೆ ಗ್ಯಾಸ್ ತುಂಬುವುದಂತೆ ಅದರಿಂದ.

ಕಾಯುತ್ತ ಹೇಳಿದರು: ಬಲೂನು ಏರಿದ ಹಾಗೆ
ಚಳಿ, ಮತ್ತೂ ಚಳಿ. ವಿಮಾನಗಳನ್ನು ದಾಟಿದ ಮೇಲೆ
ನಿಧಾನ ಬೆಚ್ಚಗಾಗುತ್ತ ಹೋಗುತ್ತದೆ.
'ಅಲ್ಲಿ ಒಲೆ ಉಂಟಾ?'
'ಒಲೆ ಅಲ್ಲ. ಪೆಟ್ಟು ತಿನ್ನುವವರು ಉಂಟು.'

ಓಝೋನ್. ಮೂರು ಕೂಡಿ ಒಂದಾದದ್ದು.
ಬಣ್ಣವಿಲ್ಲದ ಬಿಸಿಲು ಬಂದು ಬಡಿದರೆ
ಒಂದು ಕಳಚಿಕೊಳ್ಳುತ್ತದೆ;
ಕಳಚಿದ್ದು ಬೇರೊಂದು ಜೋಡಿಯ ಕೈಹಿಡಿದು
ಮತ್ತೆ ಮೂರಾಗಿ, ಮತ್ತೆ ಬಡಿತಕ್ಕೆ ನಿಲ್ಲುತ್ತದೆ.
ಪೆಟ್ಟು ಕೆಳಗಿಳಿಯುವುದಿಲ್ಲ,
ಬರೀ ಸೆಕೆಯಾಗಿ ಅಲ್ಲೇ ಉಳಿಯುತ್ತದೆ.

'ದಪ್ಪ ಎಷ್ಟು?' ಕೇಳಿದೆ. ಬೋಟಿನ ತಳಕ್ಕೆ
ಎಂಟು ಎಂಎಂ, ಹತ್ತು ಎಂಎಂ ಹಾಕುವವ ನಾನು.
'ಎಲ್ಲ ಒಟ್ಟು ಮಾಡಿ ಈ ಕಡಲ ಮಟ್ಟಕ್ಕೆ ಇಳಿಸಿದರೆ
ಮೂರು, ಹೆಚ್ಚುಕಡಿಮೆ.'

ಮುಖವಾಡದ ಕಪ್ಪು ಗಾಜು ಕಳಚಿ ವರ್ನಿಯರ್ ಹಿಡಿದೆ.
ಮೂರು.

ಅವರು ಮೂಗು ಹಿಂಡಿಕೊಂಡರು: 'ಈ ವಾಸನೆ ಉಂಟಲ್ಲ,
ಆರ್ಕ್ ಹಚ್ಚಿದಾಗ ಬರುವ ಈ ಚೂಪು ವಾಸನೆ,
ಇದೂ ಅದೇ. ಕೆಳಗೆ ಎದೆಗೆ ಒಳ್ಳೆಯದಲ್ಲ.
ಒಂದು ಕಿಟಕಿಯಾದರೂ ಬೇಡವಾ ಮಾರ್ರೆ?'

ಇದಿನಬ್ಬರು ಕೆಮ್ಮಿ ಕೆಮ್ಮಿ ಹೋದವರು.
ಮೂವತ್ತು ವರ್ಷ, ಒಂದೇ ಬಾಗಿಲು.
ಬೀಡಿಯಿಂದ ಅಂದರು ಎಲ್ಲರೂ. ಇರಬಹುದು.
ನಾನೂ ಹಾಗೇ ಹೇಳಿದ್ದೆ.

ಟೆಂಪೋ ಹೋದ ಮೇಲೆ ಹಿಂದಿನ ತಗಡಿನಲ್ಲಿ
ಒಂದು ಚೌಕ ಕೊರೆದೆ. ಹೊಳೆಯ ಗಾಳಿ ಬಂತು.
ಆಚೆ ಹೋದ ವರ್ಷದ ನೀಲಿ ಟರ್ಪಾಲು,
ಮುಟ್ಟಿದರೆ ಹಿಟ್ಟು.
ಅಷ್ಟು ಬಿಸಿಲು ತಪ್ಪಿಸಿಕೊಂಡು ಬಂದೇ ಬರುತ್ತದೆ.

ಕೊರೆದ ತುಂಡನ್ನು ಎತ್ತಲು ಹುಡುಗ ಬಗ್ಗಿದ.
ನಿಲ್ಲು, ಅಂದೆ.
ಅದು ಇನ್ನೂ ಬೆಚ್ಚಗುಂಟು.