ಸುಕ್ಕು ಹೆಸರು

ಹುಟ್ಟಿ ಹನ್ನೊಂದು ದಿನ. ಗಡುವಿಗೆ ಇನ್ನು ಮೂರೇ ದಿನ.
ಸಕಾತಾ ಊರಿನ ನೋಂದಣಿ ಕಚೇರಿ, ಮೂರನೆಯ ಕಿಟಕಿ.
ಬಂದರಿನಲ್ಲಿ ಕ್ರೇನು ನಡೆಸುವ ಕಜುಮ
ಹೆಲ್ಮೆಟ್ಟನ್ನು ಕಂಕುಳಲ್ಲಿ ಒತ್ತಿಕೊಂಡೇ ಅರ್ಜಿ ಒಳಗೆ ತಳ್ಳಿದ.
ಗುಮಾಸ್ತೆ ಕನ್ನಡಕ ಹಣೆಗೇರಿಸಿ ಓದಿದಳು,
ಮತ್ತೆ ಇಳಿಸಿಕೊಂಡು ಓದಿದಳು.

"ಟೊಮೆಯೇ?"
"ಹೌದು, ಟೊಮೆ."
ಹಿಂದಿನ ಮೇಜಿನಲ್ಲಿ ಯಾರದೋ ಪೆನ್ನು ನಿಂತಿತು.

ಈಗ ಗಾಳಿ ಈ ಕಡೆಗೇ ಬೀಸುತ್ತಿದೆಯಂತೆ.
ಮಿರುಗುವ ಹೆಸರುಗಳ ಕಾಲ ಆಯಿತು:
ನಕ್ಷತ್ರ, ಸಾಗರ, ಯಾವುದೋ ದೇಶದ ಮಿಠಾಯಿಯ ಸದ್ದು,
ಮೇಷ್ಟ್ರಿಗೂ ಓದಲು ಬಾರದ ಅಕ್ಷರಗಳ ಜೋಡಿ.
ಈಗ ಅಜ್ಜಿಯ ಪೆಟ್ಟಿಗೆಯಿಂದ ತೆಗೆದು ಕೊಡವುತ್ತಾರೆ
ಉಮೆ, ಕಿಕು, ಯೊನೆ, ಇತೊ.
ಪ್ಲಮ್ಮಿನ ಹೂ, ಸೇವಂತಿಗೆ, ಅಕ್ಕಿ, ನೂಲು.
ಸುಕ್ಕು ಹೆಸರು ಎನ್ನುತ್ತಾರೆ ಇವಕ್ಕೆ.
ಇಸ್ತ್ರಿ ಮಾಡದೆ ತೊಡಿಸುವುದೇ ಸೊಗಸು.

ಆದರೆ ಟೊಮೆ ಹೂವಲ್ಲ, ಅಕ್ಕಿಯೂ ಅಲ್ಲ.
ಟೊಮೆ ಎಂದರೆ ತಡೆ. ನಿಲ್ಲಿಸು. ಸಾಕು.
ನಾಲ್ಕು ಹೆಣ್ಣಾದ ಮೇಲೆ ಐದನೆಯದಕ್ಕೆ
ಇಟ್ಟದ್ದು ಹೆಸರಲ್ಲ, ದೇವರಿಗೊಂದು ಮನವಿ.
ನಮ್ಮ ಸಾಕಮ್ಮಂದಿರಿಗೆ ಗೊತ್ತು ಅದರ ಒಗರು:
ಬಾ ಎಂದು ಕರೆಯುವ ಬಾಯೇ
ಅದೇ ಉಸಿರಿನಲ್ಲಿ ಬರಬಾರದಿತ್ತು ಎನ್ನುತ್ತದೆ.

ದೇವರು ಮನವಿ ಓದಲಿಲ್ಲ.
ಮರುವರ್ಷವೇ ಹುಟ್ಟಿದಳು ಸುಯೆ.
ಸುಯೆ ಎಂದರೆ ಕೊನೆ.
ಕೊನೆಯ ಬೆನ್ನಿಗೇ ಇನ್ನೊಬ್ಬಳು, ಹಿಸಾ.
ಅಷ್ಟು ಹೊತ್ತಿಗೆ ಅಪ್ಪನ ಬಳಿ ಪದ ಮುಗಿದಿತ್ತು.

ತೊಂಬತ್ತಾರರ ಟೊಮೆ ಸುದ್ದಿ ಕೇಳಿ ನಗಲಿಲ್ಲ.
ಮೂಲಂಗಿ ಉಪ್ಪಿನಕಾಯಿಯ ಮೇಲೆ ಹೇರುವ ಕಲ್ಲನ್ನು
ಎರಡೂ ಕೈಯಲ್ಲಿ ಹಿಡಿದುಕೊಂಡೇ ಅಂದಳು:
"ಬೇಡ. ಅದು ಕೂಸಿಗಿಡುವ ಹೆಸರಲ್ಲ,
ಬಾಗಿಲಿಗಿಡುವ ಅಗುಳಿ."

ಮೊಮ್ಮಗನ ಹೆಂಡತಿ ಚಿನಾತ್ಸು ವಾದಿಸಲಿಲ್ಲ.
ಹರಿದ ಕ್ಯಾಲೆಂಡರು ಹಾಳೆಯ ಹಿಂಬದಿಗೆ ಬರೆದಳು ಎರಡು ಅಕ್ಷರ.
ಒಂದು, ಹತ್ತು. ಇನ್ನೊಂದು, ಮೊಳಕೆ.
ಹತ್ತು ಮೊಳಕೆ. ಓದಿದರೆ ಅದೇ ಟೊಮೆ.
ಮುದುಕಿ ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.
"ನನಗೆ ಇಂಥ ಅಕ್ಷರವೇ ಇರಲಿಲ್ಲ.
ಬರೀ ನಾಲ್ಕು ಗೀಟು. ಅಪ್ಪ ಶಾಯಿ ಉಳಿಸಿದ."

ಹೇಳಲೇ ಅವಳಿಗೆ, ದೂರದ ನನ್ನ ನುಡಿಯಲ್ಲೂ
ಸಾಕು ಎಂಬ ಮಾತಿಗೆ ಎರಡು ಮುಖ ಎಂದು?
ಒಂದು ಕೈ ಅಡ್ಡ ಹಿಡಿಯುತ್ತದೆ.
ಇನ್ನೊಂದು, ಸಾಕಿ ಸಲಹು ಎನ್ನುವ ಸಾಕು,
ಅದೇ ಕೈಯನ್ನು ತೊಟ್ಟಿಲಿಗೆ ಚಾಚುತ್ತದೆ.
ಹೇಳಿದರೂ ಅವಳಿಗೆ ತಿಳಿಯದು. ಕಿವಿಯ ಯಂತ್ರ ಮೇಜಿನ ಮೇಲಿದೆ.

ಕಿಟಕಿಯಾಚೆ ಗುಮಾಸ್ತೆ ಮುದ್ರೆ ಒತ್ತಿದಳು.
"ನನ್ನ ಅತ್ತೆಯ ಹೆಸರೂ ಇದೇ," ಅಂದಳು,
ಅಥವಾ ಕಜುಮನಿಗೆ ಹಾಗೆ ಕೇಳಿಸಿತು.

ಅಕ್ಕಂದಿರು ಹೋದರು, ತಂಗಿಯರೂ.
ಗಂಡ ಹೋಗಿ ನಲವತ್ತು ವರ್ಷ.
ಅಮ್ಮ, ಅತ್ತೆ, ಅಜ್ಜಿ, ಮುತ್ತಜ್ಜಿ,
ಆಸ್ಪತ್ರೆಯಲ್ಲಿ ಇಗರಾಶಿಯವರೇ, ಇಗರಾಶಿಯವರೇ.
ಬರೀ ಟೊಮೆ ಎಂದು ಕರೆಯುವ ಗಂಟಲು
ಭೂಮಿಯ ಮೇಲೆ ಒಂದೂ ಉಳಿದಿರಲಿಲ್ಲ.

ಮೊನ್ನೆ ಸಂಜೆ, ಹಿಮ ಸುರಿಯುವಾಗ,
ಹಾಲಿನ ಬಾಟಲಿ ಅಲುಗಿಸುತ್ತ ಅಡುಗೆಮನೆಯಿಂದ
ಚಿನಾತ್ಸು ರಾಗವೆಳೆದಳು: ಟೊಮೇ...

ಕೂಸು ನಿದ್ದೆಯಲ್ಲೇ ಇತ್ತು.
ಒಳಕೋಣೆಯಿಂದ, ಯಾವುದೋ ಅಂಗಳ ದಾಟಿ,
ಆಟ ಬಿಟ್ಟು ಓಡಿಬರುವ ಏದುಸಿರಿನಲ್ಲಿ
ಒಂದು ದನಿ:
"ಹಾಂ, ಬಂದೆ."